ಸಾರಾಯಿ ಅಂಗಡಿಯ ಲೆಕ್ಕ, ಕೇರಿಯ ಚರಿತ್ರೆ

‘ದುಡಿದದ್ದನ್ನೆಲ್ಲ ಕುಡುದೇ ಹಾಳ್ಮಾಡ್ತಾರೆ’ ಎಂಬುದು ಕೇರಿಯ ಬಡತನದ ಬಗ್ಗೆ ಊರಿನವರು ಕೊಡುತ್ತಾ ಬಂದ ತೀರ್ಪು. ಈ ಮಾತು ನಮ್ಮ ವಿಮರ್ಶೆಯೊಳಕ್ಕೂ ಮೆಲ್ಲಗೆ ನುಗ್ಗಿದೆ. ಕಾರಂತರ ‘ಚೋಮನ ದುಡಿ’ (1933) ಓದಿದವರು ಚೋಮನ ಕಳ್ಳನ್ನೂ ದುಡಿಯನ್ನೂ ಒಟ್ಟಿಗೆ ನೆನೆದು ಮರುಗುತ್ತಾರೆ. ಎತ್ತಿದ್ದೂ ಉಳುವುದಕ್ಕೆ ನೆಲ ಸಿಗದವನ ಕುಡಿತ ಅದು ಎಂಬುದು ಕಾದಂಬರಿಯಲ್ಲೇ ಇದೆ. ಆದರೆ ಕುಡಿಸಿದ ದುಡ್ಡು ಯಾರ ಗಂಟಾಯಿತು ಅಂತ ಕೇಳಿದ ವಿಮರ್ಶಕರನ್ನು ನಾನಂತೂ ಕಂಡಿಲ್ಲ.

ದುಡ್ಡು ಹೋದದ್ದು ಕಂಟ್ರಾಕ್ಟರನಿಗೆ, ಅವನ ಕೈದಾಟಿ ಸರ್ಕಾರಕ್ಕೆ. ಬ್ರಿಟಿಷರ ಕಾಲದ ಅಬಕಾರಿಯಲ್ಲಿ ಮಾರುವ ಹಕ್ಕನ್ನೇ ಹರಾಜು ಹಾಕುತ್ತಿದ್ದರು. ಹೆಚ್ಚು ಕೂಗಿದವನಿಗೆ ಅಂಗಡಿ. ಹೆಚ್ಚು ಕೂಗಿದವನು ಹೆಚ್ಚು ಕುಡಿಸಲೇಬೇಕು, ಇಲ್ಲದಿದ್ದರೆ ಅವನೇ ಮುಳುಗುತ್ತಾನೆ. ಪುಣೆಯ ಪುರಸಭೆಯಲ್ಲಿದ್ದ ಜೋತಿಬಾ ಫುಲೆಯವರು 1880ರಲ್ಲೇ ಹೆಂಡದಂಗಡಿಗಳ ವಿರುದ್ಧ ತಕರಾರು ಎತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಹರಾಜಿನ ಕೂಗು ನಿಲ್ಲಲಿಲ್ಲ. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕೆ ಪ್ರಯತ್ನಿಸು ಅನ್ನುತ್ತದೆ. ಖಜಾನೆ ಬೇರೆಯೇ ಅನ್ನುತ್ತದೆ.

1981ರ ಜುಲೈನಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಕುಡಿದದ್ದರಲ್ಲಿ ಮೆಥನಾಲ್ ಬೆರೆತಿತ್ತು. ಅದು ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ. ಅಗ್ಗದ್ದನ್ನೇ ಹುಡುಕಿ ಕುಡಿಯುವವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಬೀದಿಗಿಳಿಯಿತು. ಗಾಂಧಿಯವರ ಹರಿಜನೋದ್ಧಾರವೂ ಕುಡಿತ ಬಿಡಿ ಅಂದಿತ್ತು, ಆದರೆ ಅದರಲ್ಲಿ ಶುದ್ಧರಾಗಿ ಎಂಬ ದನಿಯಿತ್ತು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿಯೂ ಮದ್ಯ ಮುಟ್ಟೆನೆಂಬುದಿದೆ. ಅದು ಊರಿನವರ ಮೆಚ್ಚುಗೆಗಲ್ಲ, ಸ್ವಾಭಿಮಾನಕ್ಕೆ. ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸರ್ಕಾರದ ಲೆಕ್ಕದ ಪುಸ್ತಕವನ್ನೇ ಕೇಳಿತು: ನಮ್ಮಿಂದ ವಸೂಲಾದದ್ದು ಹೆಂಡದಂಗಡಿಯಾಗಿ ಯಾಕೆ ವಾಪಸ್ಸು ಬರುತ್ತದೆ, ಶಾಲೆಯಾಗಿ ಯಾಕೆ ಬರುವುದಿಲ್ಲ? ನನ್ನ ಮಟ್ಟಿಗೆ ಇದು ನಮ್ಮ ದೊಡ್ಡ ಸಾಂಸ್ಕೃತಿಕ ವಿಮರ್ಶೆಗಳಲ್ಲೊಂದು, ಯಾವ ಪುಸ್ತಕದಲ್ಲೂ ಅದನ್ನು ಹಾಗೆ ಸೇರಿಸದಿದ್ದರೂ.

ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಹೋಗುತ್ತಿದ್ದ ಹೆಂಗಸರು ಅಂಗಡಿ ಮುಚ್ಚಿಸಿದರು. ಕಿಚ್ಚು ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧವೂ ಬಂತು, 1997ರಲ್ಲಿ ಸಡಿಲವಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಪಾಕೀಟು ಹೋಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾಪ್ಯಾಕು ಬಂತು. ಮರುವರ್ಷ ಮೇ ತಿಂಗಳಲ್ಲೇ ತಮಿಳುನಾಡು ಗಡಿಯ ಆಚೀಚೆ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಹೆಣ ಬಿದ್ದವು.

ಅಂಗಡಿ ಮುಚ್ಚಿದರೆ ಚಟ ಮುಚ್ಚುವುದಿಲ್ಲ. ವರ್ಷಗಟ್ಟಲೆ ಕುಡಿದ ಮೈ ತಟ್ಟನೆ ನಿಲ್ಲಿಸಿದರೆ ನಡುಗುತ್ತದೆ, ಫಿಟ್ಸ್ ಬರುತ್ತದೆ, ಕೆಲವರು ಸಾಯುವುದೂ ಉಂಟು. ಅದು ಕಾಯಿಲೆ, ಔಷಧಿಯಿದೆ. ಆದರೆ ಕೂಲಿಯವನಿಗೆ ಸಿಗುವುದು ಡಾಕ್ಟರಲ್ಲ, ಬೈಗುಳ.

2019ರ ಜನವರಿಯಲ್ಲಿ ರಾಯಚೂರು ಮೊದಲಾದ ಕಡೆಯ ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ.