ಗೇಣುದ್ದದ ಸಾಕ್ಷಿ

ಮಾದರಿ ರೈಲೆಂದರೆ ಮಕ್ಕಳ ಆಟಿಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮೂಲವಸ್ತುವೇ ಅಳಿದುಹೋದಾಗ, ಅಳತೆಗೊಪ್ಪುವ ಮಾದರಿಯು ಚರಿತ್ರೆಯ ಹೊಣೆಯನ್ನೂ ಹೊರಬೇಕಾಗುತ್ತದೆಂದು ನಾನು ತಿಳಿದಿದ್ದೇನೆ. ಬ್ರಿಟನ್ನಿನ ಒಂದು ಡೀಸೆಲ್ ಎಂಜಿನ್ನಿನ ವೃತ್ತಾಂತ ಇದಕ್ಕೆ ನಿದರ್ಶನ.

ಅದರ ಸಂಖ್ಯೆ 10000. ಆ ದೇಶದ ಮುಖ್ಯ ಮಾರ್ಗಗಳಿಗಾಗಿ ನಿರ್ಮಿತವಾದ ಮೊದಲ ಡೀಸೆಲ್-ವಿದ್ಯುತ್ ಎಂಜಿನ್ ಅದು. ಲಂಡನ್ ಮಿಡ್‌ಲೆಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ಮುಖ್ಯ ಯಂತ್ರಶಿಲ್ಪಿ ಎಚ್. ಜಿ. ಐವಟ್ ಅವರ ಕಾಲದಲ್ಲಿ, 1947ರ ಡಿಸೆಂಬರಿನಲ್ಲಿ, ಡರ್ಬಿಯ ಕಾರ್ಖಾನೆಯಿಂದ ಹೊರಬಂದಿತು. 1948ರ ಜನವರಿ 1ರಂದು ರೈಲ್ವೆಗಳು ರಾಷ್ಟ್ರೀಕೃತವಾದವು. ಕೆಲವೇ ದಿನಗಳ ಆಯುಸ್ಸು ಉಳಿದಿದ್ದ ಆ ಸಂಸ್ಥೆ, ಎಂಜಿನ್ನಿನ ಕಪ್ಪು ಮೈಮೇಲೆ ತನ್ನ ಹೆಸರಿನ ಎಲ್ ಎಂ ಎಸ್ ಅಕ್ಷರಗಳನ್ನು ಉಬ್ಬು ಲೋಹದಲ್ಲಿ ಕೂಡಿಸಿತ್ತು!

ಒಳಗಿನ ಹದಿನಾರು ಸಿಲಿಂಡರುಗಳ ಯಂತ್ರದ ಶಕ್ತಿ 1600 ಅಶ್ವಶಕ್ತಿ. ಅದು ಜನರೇಟರನ್ನು ತಿರುಗಿಸಿದರೆ, ಆ ವಿದ್ಯುತ್ತಿನಿಂದ ಆರು ಮೋಟಾರುಗಳು ಚಕ್ರಗಳನ್ನು ನಡೆಸುತ್ತಿದ್ದುವು. ಭಾರವಾದ ಎಕ್ಸ್‌ಪ್ರೆಸ್ ಗಾಡಿಗಳಿಗೆ ಈ ಬಲ ಸಾಲದು. ಆದ್ದರಿಂದ 1948ರಲ್ಲಿ ಬಂದ ಸೋದರಿ 10001ರೊಡನೆ ಇದನ್ನು ಜೋಡಿಸಿ ಓಡಿಸುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಸಿಬ್ಬಂದಿ ದಾಟಲೆಂದೇ ಮೂತಿಯಲ್ಲಿ ಬಾಗಿಲುಗಳಿದ್ದುವು. ಒಳ್ಳೆಯ ಮಾದರಿಯಲ್ಲಿ ಆ ಬಾಗಿಲಿನ ಗೆರೆಯನ್ನು ಕಂಡವನಿಗೆ ಈ ಜೋಡಿ ಓಟದ ಕಥೆಯೂ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ 76ರಲ್ಲಿ 1ರ ಅಳತೆಯಲ್ಲಿ, ಸುಮಾರು 61 ಅಡಿಯ ಎಂಜಿನ್ ಒಂದು ಗೇಣಿಗಿಂತ ತುಸುವೇ ಉದ್ದವಾದೀತು. ಆದರೆ ಮಾದರಿ ಮಾಡುವವನಿಗೆ ಅಳತೆಗಿಂತ ಕಠಿನವಾದದ್ದು ಕಾಲ. ಯಾವ ವರ್ಷದ ಎಂಜಿನ್ ಇದು? ಮೊದಲು ಬೆಳ್ಳಿಬಣ್ಣದ ಅಕ್ಷರಗಳಿದ್ದುವು. ಬಳಿಕ ಅವು ಹೋಗಿ ಸರ್ಕಾರಿ ರೈಲ್ವೆಯ ಲಾಂಛನ ಬಂದಿತು. ಮುಂದೆ ಕಪ್ಪು ಮೈಗೆ ಹಸಿರು ಬಣ್ಣವೇರಿತು. ಹಸಿರು ಮೈಗೆ ಹಳೆಯ ಅಕ್ಷರಗಳನ್ನು ಅಂಟಿಸಿದರೆ, ಬಿಡಿಬಿಡಿಯಾಗಿ ಎರಡೂ ನಿಜ. ಒಟ್ಟಿನಲ್ಲಿ ಅದು ಎಂದೂ ಹಳಿಯ ಮೇಲೆ ಓಡದ ಎಂಜಿನ್. ಚರಿತ್ರೆ ಬರೆಯುವವರಿಗೂ ಈ ಅಪಾಯ ತಪ್ಪಿದ್ದಲ್ಲ.

10000 ಎಂಜಿನ್ 1963ರಲ್ಲಿ, 10001 ಎಂಜಿನ್ 1966ರಲ್ಲಿ ಸೇವೆಯಿಂದ ನಿವೃತ್ತವಾದವು. 1968ರಲ್ಲಿ ಎರಡೂ ಗುಜರಿಯ ಪಾಲಾದವು. ಅದೇ ವಂಶದ ಯಂತ್ರವನ್ನು ಹೊತ್ತು 1958ರಿಂದ 200 ಎಂಜಿನ್ನುಗಳು ಬಂದಿದ್ದವು. ಅವುಗಳಲ್ಲಿ ಮೊದಲನೆಯದನ್ನು ರಾಷ್ಟ್ರೀಯ ಸಂಗ್ರಹದಲ್ಲಿ ಉಳಿಸಿದ್ದಾರೆ. ಸಂತತಿಗೆ ದೊರೆತ ಆ ಭಾಗ್ಯ ಮೂಲಪುರುಷನಿಗೆ ಒದಗಲಿಲ್ಲ.

ಮೂಲವು ಕಣ್ಣೆದುರಿಗಿದ್ದರೆ ಮಾದರಿಯ ತಪ್ಪನ್ನು ಹೋಲಿಸಿ ತಿದ್ದಬಹುದು. ಮೂಲವಿಲ್ಲದೆಡೆ, ನೋಡುವವನ ಪಾಲಿಗೆ ಆ ತಪ್ಪೇ ನಿಜವಾಗಿ ನಿಲ್ಲುತ್ತದೆ. ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಒಂದು ಬಾಗಿಲಿನ ಗೆರೆಗಾಗಿ, ಒಂದು ಅಕ್ಷರಕ್ಕಾಗಿ ಶ್ರಮಿಸುವವನನ್ನು ನಾನು ಚರಿತ್ರಕಾರನೆಂದೇ ಎಣಿಸುತ್ತೇನೆ.