ಬಂದವರ ಲೆಕ್ಕ: ಕಡ್ಡಿರಾಂಪುರದ ಸುತ್ತ ಜನಸಂಖ್ಯೆಯ ಅಧ್ಯಯನ ಸಾಗಿಬಂದ ದಾರಿ

ಹೊಸಪೇಟೆಯಿಂದ ಹಂಪಿಗೆ ಹೋಗುವ ಹಾದಿಯಲ್ಲಿರುವ ಕಡ್ಡಿರಾಂಪುರದಲ್ಲಿ ಬಹಮನಿ ಶೈಲಿಯ ಗೋರಿಗಳಿವೆ. ವಿಜಯನಗರದ ಅರಸರ ದಂಡಿಗೆ, ಕುದುರೆ ಲಾಯಕ್ಕೆ ಹೊರಗಿನಿಂದ ಜನ ಬಂದು ಇಲ್ಲೇ ನೆಲೆಸಿದ ಕಾಲದ ಕುರುಹುಗಳು ಅವು. ಇದೇ ಊರಿನಲ್ಲಿ, 2011ರ ಜುಲೈನಲ್ಲಿ ಹಂಪಿ ಬಜಾರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಪುನರ್ವಸತಿಯ ಜಾಗ ಗೊತ್ತುಮಾಡಲಾಯಿತು. ಒಂದು ಗುಂಪು ರಾಜಧಾನಿ ಕಟ್ಟಲು ಬಂದದ್ದು, ಇನ್ನೊಂದು ರಾಜಧಾನಿಯ ಅವಶೇಷ ಉಳಿಸುವ ಹೆಸರಿನಲ್ಲಿ ಜಾಗ ಬಿಟ್ಟದ್ದು. ಇವೆರಡರ ನಡುವಿನ ಐದು ಶತಮಾನಗಳಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಜನಸಂಖ್ಯೆ ತೊಟ್ಟಿಲಿನಿಂದ ಎಷ್ಟು ಬೆಳೆಯಿತೋ ದಾರಿಯಿಂದಲೂ ಅಷ್ಟೇ ಬೆಳೆಯಿತು.

ಇದನ್ನು ಈಗ ನೆನೆಯಲು ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 2.85 ಮಕ್ಕಳಾಗುತ್ತಿದ್ದವು, 2019–21ರ ಸಮೀಕ್ಷೆಯಲ್ಲಿ ಆ ಸಂಖ್ಯೆ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಬೇಕಾದದ್ದು 2.1. 2011ರ ಗಣತಿಯಲ್ಲೇ ರಾಜ್ಯದ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ 60 ದಾಟಿದವರು. ಮುಪ್ಪು ಹೆಚ್ಚುತ್ತಿರುವ, ಹುಟ್ಟು ಇಳಿಯುತ್ತಿರುವ ಸಮಾಜದಲ್ಲಿ ಹೊಲ, ಗಣಿ, ಆಸ್ಪತ್ರೆಗಳ ಕೆಲಸ ಮಾಡುವವರು ಯಾರು, ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮ ಜನಸಂಖ್ಯಾ ಅಧ್ಯಯನ ಬಹಳ ತಡವಾಗಿ ಕೈಗೆತ್ತಿಕೊಂಡಿತು. ಹುಟ್ಟನ್ನು, ಸಾವನ್ನು ಅದು ನಿಷ್ಠೆಯಿಂದ ಎಣಿಸಿತು. ಬಂದವರನ್ನು ಎಣಿಸುವಲ್ಲಿ ಹಿಂದೆ ಬಿತ್ತು.

ಒಂದು ಸೀಮೆ ಖಾಲಿಯಾಗುವುದು ಎಂದರೇನು ಎಂಬುದನ್ನು ಇಲ್ಲಿ ಮೊದಲು ಕೇಳಿದವರು ಇತಿಹಾಸಕಾರರು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್, ಫೆರ್ನಾವೊ ನೂನಿಜ್ ಬರೆದಿಟ್ಟದ್ದನ್ನು ಇಂಗ್ಲಿಷ್ ಓದುಗರ ಮುಂದಿಟ್ಟರು. ಪಾಯೆಸ್ ಈ ನಗರವನ್ನು ರೋಮ್‌ನೊಂದಿಗೆ ಹೋಲಿಸಿದ್ದ. 1565ರ ರಕ್ಕಸತಂಗಡಿ ಯುದ್ಧದ ನಂತರ ಅದೇ ನಗರ ಬರಿದಾಯಿತು. ಸಿವೆಲ್‌ಗೆ ಬೇಕಾದದ್ದು ವೈಭವ ಮತ್ತು ಪತನದ ಕಥೆ; ಅಲ್ಲಿದ್ದ ಜನ ಎಲ್ಲಿಗೆ ಹೋದರು ಎಂಬುದು ಆ ಪುಸ್ತಕದ ಮುಖ್ಯ ಕಾಳಜಿಯಾಗಿರಲಿಲ್ಲ. ಆ ಪ್ರಶ್ನೆ ನೆಲಕ್ಕೆ ಇಳಿದದ್ದು 1980ರ ದಶಕದಲ್ಲಿ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ನಗರದ ಒಳಭಾಗವನ್ನು ಅಳೆದರು. 1987ರಿಂದ ಹತ್ತು ವರ್ಷ ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಕೋಟೆಯ ಹೊರಗಿನ ಹಳ್ಳಿ, ಕೆರೆ, ಕಾಲುವೆ, ದಾರಿಗಳನ್ನು ಹೆಜ್ಜೆ ಹೆಜ್ಜೆಗೂ ದಾಖಲಿಸಿದರು. ಮಾರಿಸನ್ ಕೆರೆಯ ಹೂಳಿನಲ್ಲಿ ಉಳಿದ ಪರಾಗದಿಂದ ಬೇಸಾಯದ ಏರಿಳಿತ ಓದಿದರು. ಅರಮನೆ ಉರಿದ ಮೇಲೂ ಕಾಲುವೆ ಹರಿಯುತ್ತಿತ್ತು, ನದಿದಂಡೆಯ ಬೇಸಾಯ ಮುಂದುವರಿದಿತ್ತು. ಆಡಳಿತ ಎದ್ದುಹೋದರೂ ನೀರು ಇರುವ ಕಡೆ ಒಕ್ಕಲು ಉಳಿಯುತ್ತದೆ, ಇಲ್ಲವೇ ಹೊಸ ಒಕ್ಕಲು ಬರುತ್ತದೆ. ಈ ಸೀಮೆಯ ಮುಂದಿನ ಚರಿತ್ರೆಯನ್ನು ತೆರೆಯುವ ಕೀಲಿಕೈ ಇದೇ ಎಂದು ನನಗನ್ನಿಸುತ್ತದೆ.

ಹೊರಗಿನಿಂದ ಬಂದವರನ್ನು ಆ ರಾಜಧಾನಿ ಹೇಗೆ ಇರಿಸಿಕೊಂಡಿತ್ತು ಎಂಬುದಕ್ಕೂ ಕಲ್ಲಿನ ಸಾಕ್ಷಿಯಿದೆ. ಇಮ್ಮಡಿ ದೇವರಾಯನ ಅಧಿಕಾರಿಯಾಗಿದ್ದ ಅಹಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಕನ್ನಡ ಶಾಸನ ಧರ್ಮಸಾಲೆ ಎಂದು ಕರೆಯುತ್ತದೆ.

ಬ್ರಿಟಿಷರ ಕಾಲದಲ್ಲಿ ತಲೆ ಎಣಿಸುವ ಕೆಲಸ ಶುರುವಾದಾಗ ಅದರ ಮುಂದೆ ನಿಂತದ್ದು ಸಾವು. 1871ರ ಗಣತಿಯ ಬೆನ್ನಿಗೇ 1876–78ರ ಧಾತು–ಈಶ್ವರ ಬರ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಸುಮಾರು 50.5 ಲಕ್ಷದಿಂದ 1881ಕ್ಕೆ 41.8 ಲಕ್ಷಕ್ಕೆ ಕುಸಿಯಿತು. ಬಳ್ಳಾರಿ ಜಿಲ್ಲೆ ಅದೇ ಹತ್ತು ವರ್ಷಗಳಲ್ಲಿ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಿತು. ಪ್ಲೇಗು, 1918ರ ಇನ್‌ಫ್ಲುಯೆಂಜಾ ಸೇರಿ 1911–21ರ ದಶಕದಲ್ಲಿ ಜಿಲ್ಲೆಯ ಸಂಖ್ಯೆ ಮತ್ತೆ ಇಳಿಯಿತು. ಜನಸಂಖ್ಯೆ ಕುಸಿತ ಎಂದರೆ ನಮ್ಮ ಅಜ್ಜಂದಿರಿಗೆ ಬರ, ರೋಗ, ಹೆಣ. ಇಂದು ಕುಸಿತದ ಬಗ್ಗೆ ಓದುವಾಗ ಬೇರೆಯದೇ ಸಂಗತಿಯನ್ನು ಓದುತ್ತಿದ್ದೇವೆ ಎಂಬ ಎಚ್ಚರ ಬೇಕು. ಇಂದಿನ ಇಳಿಕೆಗೆ ಮೂಲ ಮಕ್ಕಳು ಬದುಕಿ ಉಳಿದದ್ದು, ಹೆಣ್ಣುಮಕ್ಕಳು ಶಾಲೆಗೆ ಹೋದದ್ದು. ಇದು ಒಳ್ಳೆಯ ಸುದ್ದಿಯಿಂದ ಹುಟ್ಟಿದ ಕಷ್ಟ.

ಆಮೇಲಿನ ಅರ್ಧ ಶತಮಾನದಲ್ಲಿ ಕಳವಳ ಸಾವಿನಿಂದ ಹೆಚ್ಚುವ ಹುಟ್ಟಿನ ಕಡೆಗೆ ಮಗ್ಗುಲು ಬದಲಿಸಿತು. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿ ಕೊಟ್ಟಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿಗೇ ಮೊದಲನೆಯವು ಎಂದು ಅವು ಹೆಸರಾಗಿವೆ. 1951–52ರಲ್ಲಿ ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ 1961ರಲ್ಲಿ ಅಚ್ಚಾಯಿತು. ಮನೆಮನೆಗೆ ಹೋಗಿ ಮದುವೆ, ಹೆರಿಗೆ, ಬಯಸುವ ಮಕ್ಕಳ ಸಂಖ್ಯೆ ಕೇಳುವ ಪದ್ಧತಿ ಗಟ್ಟಿಯಾದದ್ದು ಇಂಥ ಕೆಲಸದಿಂದಲೇ. ಆಗ ಬಳ್ಳಾರಿ ಇನ್ನೂ ಮದ್ರಾಸಿನಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ನಮ್ಮ ಸೀಮೆ ಆ ಹೆಸರಾಂತ ಅಧ್ಯಯನದ ಹೊರಗೇ ಉಳಿಯಿತು.

ಅದೇ 1951ರಲ್ಲಿ ಜನಸಂಖ್ಯಾ ತಜ್ಞ ಕಿಂಗ್ಸ್‌ಲಿ ಡೇವಿಸ್ ಭಾರತ–ಪಾಕಿಸ್ತಾನದ ಜನಸಂಖ್ಯೆ ಕುರಿತ ತಮ್ಮ ದೊಡ್ಡ ಗ್ರಂಥದಲ್ಲಿ ಇಲ್ಲಿಯ ಜನ ಊರು ಬಿಟ್ಟು ಅಷ್ಟಾಗಿ ಕದಲುವವರಲ್ಲ ಎಂದು ಬರೆದರು. ಈ ಅಭಿಪ್ರಾಯ ಮುಂದೆ ಬಹುಕಾಲ ಗಟ್ಟಿಯಾಗಿ ನಿಂತಿತು. ಅವರು ಅದನ್ನು ಬರೆದ ಹೊತ್ತಿಗೆ ಹೊಸಪೇಟೆಯ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟು ಏಳುತ್ತಿತ್ತು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿ 50 ಸಾವಿರಕ್ಕೂ ಹೆಚ್ಚು ಜನ ಎದ್ದರು. ಕಟ್ಟುವ ಕೆಲಸಕ್ಕೆ ತೆಲುಗು, ತಮಿಳು ಸೀಮೆಯ ಕೂಲಿಗಳು ಬಂದರು. ಕಾಲುವೆ ಹರಿದ ಮೇಲೆ ಕರಾವಳಿ ಆಂಧ್ರದ ರೈತರು ತಮ್ಮ ಹೊಲ ಮಾರಿ ಬಂದು ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಡೆ ಅಗ್ಗದ ಭೂಮಿ ಕೊಂಡು ಭತ್ತ ಹಚ್ಚಿದರು. ಅವರ ನೆಲೆಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಸಿಂಧನೂರಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಎದ್ದವು. ಇಷ್ಟು ದೊಡ್ಡ ಜನಸಂಚಾರ ಜನಸಂಖ್ಯಾ ತಜ್ಞರ ಮುಖ್ಯ ವಿಷಯವಾಗಲಿಲ್ಲ. ಎಡದಂಡೆ ಕಾಲುವೆಯ ನೀರು ಹಂಚಿಕೆ ಅಧ್ಯಯನಕ್ಕೆ ಬಂದ ಪೀಟರ್ ಮೊಲಿಂಗಾ ತಮ್ಮ ‘ಆನ್ ದ ವಾಟರ್‌ಫ್ರಂಟ್’ ಕೃತಿಯಲ್ಲಿ ಈ ವಲಸೆ ರೈತರನ್ನು ಗಮನವಿಟ್ಟು ನೋಡಿದರು. ವಲಸೆಯ ಒಳ್ಳೆಯ ಬರಹ ನೀರಾವರಿಯ ಪುಸ್ತಕದಲ್ಲಿ ಸಿಗುವುದು ನಮ್ಮ ಜನಸಂಖ್ಯಾ ಅಧ್ಯಯನದ ಕೊರತೆಯನ್ನೇ ತೋರಿಸುತ್ತದೆ.

ಹುಟ್ಟಿನ ಅಧ್ಯಯನ ಮಾತ್ರ ಕರ್ನಾಟಕದಲ್ಲಿ ಎತ್ತರಕ್ಕೆ ಏರಿತು. ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕುಳಿತು, ಪ್ರಶ್ನಾವಳಿಯ ಜೊತೆಗೆ ದೀರ್ಘ ಮಾತುಕತೆಯನ್ನೂ ನೆಚ್ಚಿ ಕೆಲಸ ಮಾಡಿದರು. 1982ರ ಲೇಖನ, 1988ರ ಪುಸ್ತಕ ಅದರ ಫಲ. ಮಕ್ಕಳ ಓದಿನ ಖರ್ಚು, ಏರಿದ ಮದುವೆ ವಯಸ್ಸು, ಸೊಸೆಯ ಬದಲಾದ ಸ್ಥಾನ ಹೇಗೆ ಕುಟುಂಬವನ್ನು ಚಿಕ್ಕದಾಗಿಸಿದವು ಎಂದು ಅವರು ತೋರಿಸಿದರು. 1980–83ರ ಬರದ ಬಗ್ಗೆ ಅವರೇ ಬರೆದದ್ದು ನನಗೆ ಇನ್ನೂ ಮುಖ್ಯ: ದೂರದ ಊರಿನ ಬೀಗತನ, ಬೇಸಾಯದ ಹೊರಗಿನ ಒಂದು ಸಂಬಳ ಇದ್ದ ಮನೆಗಳು ಬರವನ್ನು ತಡೆದುಕೊಂಡವು. ಹುಟ್ಟಿನ ಲೆಕ್ಕ ಮತ್ತು ವಲಸೆಯ ಲೆಕ್ಕ ಒಂದೇ ಮನೆಯ ಲೆಕ್ಕ ಎಂದು ಆ ಬರಹ ಸಾರಿತು. ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿದ್ದು ಮುಂದೆ ಮುಂಬೈನ ಜನಸಂಖ್ಯಾ ವಿಜ್ಞಾನಗಳ ಅಂತಾರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾದ ಪಿ.ಎನ್. ಮರಿ ಭಟ್, ಜಿಲ್ಲಾವಾರು ಅಂದಾಜುಗಳನ್ನು ಶಿಸ್ತಿಗೆ ತಂದರು. ರಾಜ್ಯದ ಒಂದೇ ಸರಾಸರಿಯ ಹಿಂದೆ ಎರಡು ಕರ್ನಾಟಕಗಳಿವೆ ಎಂಬುದು ಇಂಥ ಕೆಲಸದಿಂದ ಸ್ಪಷ್ಟವಾಯಿತು: ಕರಾವಳಿ, ಮಲೆನಾಡು, ಹಳೆ ಮೈಸೂರಿನಲ್ಲಿ ಹುಟ್ಟು ಬೇಗ ಇಳಿಯಿತು, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ನಿಧಾನವಾಗಿ.

2011ರ ಗಣತಿ ಈ ಅಂತರವನ್ನು ಕಣ್ಣಿಗೆ ಕಾಣಿಸಿತು. ಹತ್ತು ವರ್ಷಗಳಲ್ಲಿ ಬಳ್ಳಾರಿ ಜಿಲ್ಲೆ ಶೇ 21ರಷ್ಟು ಬೆಳೆದಿತ್ತು. ಕೊಡಗು ಶೇ 1ರ ಆಸುಪಾಸಿನಲ್ಲಿ ನಿಂತಿತ್ತು. ಚಿಕ್ಕಮಗಳೂರಿನ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿದಿತ್ತು. ಕರ್ನಾಟಕದ ಒಂದು ಜಿಲ್ಲೆ ಬರ, ಪಿಡುಗು ಯಾವುದೂ ಇಲ್ಲದೆ ಕುಗ್ಗಿತ್ತು. ಆ ಕಾಫಿ ಸೀಮೆಯಲ್ಲಿ ಹಣ್ಣು ಕೊಯ್ಯಲು ಹೋಗುವವರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ತಾಂಡಾಗಳಿಂದ ಗುಳೆ ಹೊರಟ ಲಂಬಾಣಿಗಳೂ ಇದ್ದಾರೆ. ಮಂಡ್ಯದ ಕಬ್ಬು ಕಡಿಯಲೂ ಅವರೇ ಹೋಗುತ್ತಾರೆ. ಮುಪ್ಪಾಗುತ್ತಿರುವ ಜಿಲ್ಲೆಗೆ ಎಳೆಯ ಜಿಲ್ಲೆ ತನ್ನ ತೋಳು ಕೊಡುತ್ತಿದೆ. ಗುಳೆ ಹೋದ ತಾಂಡಾದಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ರಾಜ್ಯದ ಸರಾಸರಿಗೆ ಹೋಲಿಸಿದರೆ ನಮ್ಮ ಸೀಮೆ ಎಳೆಯದು. ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ತಾಂಡಾ ಉಡುಪಿಯ ಹಳ್ಳಿಯಷ್ಟೇ ಮುದಿ.

ಮುಪ್ಪಿನ ಅಧ್ಯಯನ ಬೆಳೆದದ್ದು ಬೇರೆ ದಾರಿಯಲ್ಲಿ. 1986–87ರ ರಾಷ್ಟ್ರೀಯ ಮಾದರಿ ಸಮೀಕ್ಷೆ ವಯಸ್ಸಾದವರನ್ನೇ ಮುಖ್ಯವಾಗಿಟ್ಟುಕೊಂಡು ವಿಚಾರಿಸಿತು. ಲಾಸಿ ಎಂದು ಕರೆಯುವ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನದ ಪ್ರಾಯೋಗಿಕ ಹಂತ 2010ರಲ್ಲಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017–18ರ ಮೊದಲ ಪೂರ್ಣ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಬಾಳಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯ, ದುಡಿಮೆ, ಆಸರೆ ದಾಖಲಾದವು. ಇದು ದೊಡ್ಡ ಕೆಲಸ. ಇಲ್ಲೂ ಹಿರಿಯರು ಮತ್ತು ವಲಸಿಗರು ಎರಡು ಬೇರೆ ಅಧ್ಯಾಯಗಳಾಗಿಯೇ ಉಳಿಯುತ್ತಾರೆ.

ಅವೆರಡನ್ನೂ ಎದುರುಬದುರು ನಿಲ್ಲಿಸಿದ್ದು 2000ರಲ್ಲಿ ಬಂದ ವಿಶ್ವಸಂಸ್ಥೆಯ ಭರ್ತಿ ವಲಸೆಯ (ರಿಪ್ಲೇಸ್‌ಮೆಂಟ್ ಮೈಗ್ರೇಷನ್) ವರದಿ. ಜಪಾನ್, ಇಟಲಿ, ಜರ್ಮನಿ, ದಕ್ಷಿಣ ಕೊರಿಯಾ ಸೇರಿ ಎಂಟು ದೇಶಗಳ ಲೆಕ್ಕ ಹಾಕಿ, ದುಡಿಯುವವರಿಗೂ ಮುದುಕರಿಗೂ ಇರುವ ಪ್ರಮಾಣವನ್ನು ವಲಸೆಯೊಂದರಿಂದಲೇ ಕಾಯಬೇಕಾದರೆ ಅಸಾಧ್ಯ ಸಂಖ್ಯೆಯ ಜನ ಬೇಕಾಗುತ್ತಾರೆ ಎಂದು ಅದು ತೋರಿಸಿತು. ಹೊರಗಿನವರಿಗೆ ಬಹುಕಾಲ ಬಾಗಿಲು ಮುಚ್ಚಿದ್ದ ಜಪಾನ್, 2008ರ ಸುಮಾರಿಗೆ ತನ್ನ ಜನಸಂಖ್ಯೆ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ, 2019ರಲ್ಲಿ ಕಾರ್ಮಿಕರಿಗೆ ಹೊಸ ವೀಸಾ ತಂದಿತು. ನಮಗೆ ಹತ್ತಿರದ ಪಾಠಶಾಲೆ ಕೇರಳ. ಕೆ.ಸಿ. ಜಕರಿಯಾ ಮತ್ತು ಎಸ್. ಇರುದಯ ರಾಜನ್ 1998ರಲ್ಲಿ ಆರಂಭಿಸಿದ ಕೇರಳ ವಲಸೆ ಸಮೀಕ್ಷೆ ಮತ್ತೆ ಮತ್ತೆ ನಡೆದು ಕೊಲ್ಲಿಗೆ ಹೋದವರ ಚಿತ್ರ ಕೊಟ್ಟಿತು. ಅಸ್ಸಾಂ, ಬಂಗಾಳ ಮೊದಲಾದ ಹೊರ ರಾಜ್ಯಗಳಿಂದ ಕೇರಳಕ್ಕೆ ಬಂದ ಕಾರ್ಮಿಕರು 25 ಲಕ್ಷ ಎಂದು 2013ರ ಇನ್ನೊಂದು ಅಧ್ಯಯನ ಅಂದಾಜಿಸಿತು. ಆಂಧ್ರಪ್ರದೇಶ 2024ರಲ್ಲಿ ಸ್ಥಳೀಯ ಚುನಾವಣೆಗಿದ್ದ ಇಬ್ಬರು ಮಕ್ಕಳ ನಿಯಮವನ್ನೇ ತೆಗೆಯಿತು. ಹೆಚ್ಚು ಹೆರಿ ಎಂದು ಹೆಂಗಸರಿಗೆ ಉಪದೇಶಿಸುವ ಈ ದಾರಿಯ ಮೇಲೆ ನನಗೆ ನಂಬಿಕೆಯಿಲ್ಲ. ಇಂದು ಹುಟ್ಟಿದ ಮಗು ದುಡಿಯಲು ಇಪ್ಪತ್ತು ವರ್ಷ ಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಿಹಾರ, ಒಡಿಶಾದಿಂದ ಬಂದ ಹುಡುಗ ಈಗಾಗಲೇ ದುಡಿಯುತ್ತಿದ್ದಾನೆ.

ಆದರೆ ಬಂದವರು ಉಳಿಯುತ್ತಾರೆ ಎಂದು ನೆಚ್ಚುವಂತಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನ ದಾರಿಗಳಲ್ಲಿ ಲಾರಿಗಳ ಜೊತೆ ಕೂಲಿಗಳೂ ಕರಗಿದರು. 1961ರಿಂದ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟಿಯನ್ನರು ಇನ್ನೊಂದು ಪಾಠ: ಅವರಲ್ಲೂ ಹುಟ್ಟು ತಗ್ಗಿತು, ಯುವಕರು ಪಶ್ಚಿಮದ ದೇಶಗಳಿಗೆ ಹೊರಟರು, ಹಿರಿಯರು ಉಳಿದರು. ವಲಸಿಗರಿಗೂ ಮುಪ್ಪು ಬರುತ್ತದೆ. 2007ರ ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ರಾಜ್ಯದ ನಿವಾಸಿಗೆ. ಹೊರ ರಾಜ್ಯದಿಂದ ಬಂದು ಇಲ್ಲೇ ದುಡಿದು ವಯಸ್ಸಾದವನು ನಿವಾಸದ ಕಾಗದಕ್ಕಾಗಿ ಅಲೆಯಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಜನರನ್ನು ತಂದ ಗುತ್ತಿಗೆದಾರನನ್ನು ಗುರುತಿಸಿತು. ತಾನಾಗಿ ರೈಲು ಹತ್ತಿ ಬಂದವನಿಗೆ ಅದರಲ್ಲಿ ಜಾಗವಿರಲಿಲ್ಲ.

ಎಣಿಕೆಯ ಪದ್ಧತಿಯೂ ಅಷ್ಟೇ ನಿಧಾನ. ಗಣತಿ 1971ರಲ್ಲಿ ಹಿಂದಿನ ವಾಸಸ್ಥಳವನ್ನೂ 1981ರಲ್ಲಿ ವಲಸೆಯ ಕಾರಣವನ್ನೂ ಕೇಳತೊಡಗಿತು. 2011ರ ಗಣತಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರನ್ನು ಕಂಡಿತು. ಕೆಲವೇ ತಿಂಗಳು ಗುಳೆ ಹೋಗಿ ಬರುವವರು ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. 2016–17ರ ಆರ್ಥಿಕ ಸಮೀಕ್ಷೆ ರೈಲ್ವೆ ಟಿಕೆಟ್ ಲೆಕ್ಕದಿಂದ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಎಂದು ಅಂದಾಜಿಸಿತು. ಚಿನ್ಮಯ್ ತುಂಬೆ 2018ರ ‘ಇಂಡಿಯಾ ಮೂವಿಂಗ್’ ಪುಸ್ತಕದಲ್ಲಿ, ಕದಲದ ಭಾರತ ಎಂಬ ಹಳೆಯ ನಂಬಿಕೆಯನ್ನು ತಳದಿಂದ ಅಲುಗಿಸಿದರು. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಯ ಮೇಲೆ ನಡೆದು ಹೊರಟವರು ಆ ನಂಬಿಕೆ ಎಷ್ಟು ಸುಳ್ಳೆಂಬುದನ್ನು ಇಡೀ ದೇಶದ ಕಣ್ಣಿಗೆ ತೋರಿಸಿದರು.

2021ರಲ್ಲಿ ಆಗಬೇಕಿದ್ದ ಗಣತಿ ಈಗ 2027ರ ಮಾರ್ಚ್ 1ರ ತಲೆ ಎಣಿಕೆಗೆ ಗೊತ್ತಾಗಿದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಅದು ಮೊದಲ ಗಣತಿ. ಧಾರವಾಡದ ಕೇಂದ್ರ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್), ಹಂಪಿಯ ಕನ್ನಡ ವಿಶ್ವವಿದ್ಯಾಲಯ ಒಟ್ಟಾಗಿ ಹೊಸಪೇಟೆ, ಸಂಡೂರು, ಕಂಪ್ಲಿಯ ತಾಂಡಾ, ಕ್ಯಾಂಪ್, ಕಾರ್ಮಿಕರ ಕಾಲೊನಿಗಳಲ್ಲಿ ಕೇರಳದ ಮಾದರಿಯ ವಲಸೆ ಸಮೀಕ್ಷೆಯನ್ನು ಈಗಲೇ ಕೈಗೊಳ್ಳಬೇಕು. ಬಂದವರನ್ನೂ ಹೋದವರನ್ನೂ ಮನೆಯಲ್ಲಿ ಉಳಿದ ಹಿರಿಯರನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಕು. ಓದುಗರಲ್ಲೂ ಒಂದು ಕೋರಿಕೆ: ಗಣತಿದಾರರು ಬಾಗಿಲಿಗೆ ಬಂದಾಗ ಹಿಂದೆ ಎಲ್ಲಿದ್ದಿರಿ, ಏಕೆ ಬಂದಿರಿ ಎಂಬ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿ, ನಿಮ್ಮ ಹೊಲದ ಶೆಡ್ಡಿನಲ್ಲಿ, ಕಟ್ಟಡದ ಮೂಲೆಯಲ್ಲಿ ವಾಸವಿರುವ ಪರ ಊರಿನವರನ್ನೂ ಅವರಿಗೆ ತೋರಿಸಿ.