ಕೋಡಿಂಗ್ ಸಹಾಯಕದ ಅಧಿಕಾರಮೂಲ: ಪ್ರವೇಶನೀತಿಯ ಒಂದು ವಿಚಾರ

ಕೃತಕ ಬುದ್ಧಿಮತ್ತೆಯ ಕೋಡಿಂಗ್ ಸಹಾಯಕಗಳನ್ನು ನೌಕರರ ಕೈಗೆ ಕೊಡುವ ಸಂಸ್ಥೆಗಳು ರೂಪಿಸಿಕೊಳ್ಳುವ ಪ್ರವೇಶನೀತಿಗಳಲ್ಲಿ ಯಾರಿಗೆ ಲೈಸೆನ್ಸ್ ಸಲ್ಲಬೇಕು, ಯಾವ ಮಾಡೆಲ್ಲಿಗೆ ಅನುಮತಿಯುಂಟು ಎಂಬ ವಿಚಾರಗಳಿಗೆ ಪ್ರಾಧಾನ್ಯ ದೊರೆಯುವುದು ಸಹಜವೇ ಆದರೂ, ಸಹಾಯಕವು ಕಾರ್ಯಪ್ರವೃತ್ತವಾದಾಗ ಯಾರ ಅಧಿಕಾರವನ್ನು ಚಲಾಯಿಸುತ್ತದೆಯೆಂಬ ಪ್ರಶ್ನೆಯು ಇವೆಲ್ಲಕ್ಕಿಂತಲೂ ಮೂಲಭೂತವಾದುದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಪ್ರಶ್ನೆ ಹಳೆಯದು. ಟೈಮ್‌ಶೇರ್ ಕಂಪನಿಯ ಗಣಕದಲ್ಲಿ ನಡೆದ ಒಂದು ಪ್ರಸಂಗವನ್ನು ನಾರ್ಮ್ ಹಾರ್ಡಿಯವರು 1988ರ ಕಿರುಲೇಖನವೊಂದರಲ್ಲಿ ವರ್ಣಿಸಿದ್ದಾರೆ. ಅಲ್ಲಿನ ಕಂಪೈಲರಿಗೆ ಬಳಕೆಯ ಅಂಕಿಅಂಶಗಳನ್ನು ಬರೆದಿಡುವ ಸಲುವಾಗಿ ತಾನಿದ್ದ ಡೈರೆಕ್ಟರಿಯಲ್ಲಿ ಬರೆಯುವ ವಿಶೇಷಾಧಿಕಾರವನ್ನು ಕೊಡಲಾಗಿತ್ತು. ಗ್ರಾಹಕರ ಬಿಲ್ಲಿನ ಲೆಕ್ಕವಿದ್ದ ಫೈಲೂ ಅದೇ ಡೈರೆಕ್ಟರಿಯಲ್ಲಿದ್ದಿತು. ಬಳಕೆದಾರನೊಬ್ಬನು ಡೀಬಗ್ ಮಾಹಿತಿಯನ್ನು ಬರೆಯತಕ್ಕ ಫೈಲಿನ ಹೆಸರಾಗಿ ಬಿಲ್ಲಿನ ಫೈಲಿನ ಹೆಸರನ್ನೇ ಕೊಟ್ಟಾಗ, ಅವನು ಸ್ವತಃ ಮುಟ್ಟಲಾಗದ ಆ ಫೈಲನ್ನು ಅವನ ಪರವಾಗಿ ಕಂಪೈಲರೇ ಅಳಿಸಿ ಬರೆದುದರಿಂದ ಲೆಕ್ಕವೆಲ್ಲ ನಷ್ಟವಾಯಿತು. ಕಂಪೈಲರು ಯಾವ ನಿಯಮವನ್ನೂ ಮೀರಿರಲಿಲ್ಲ. ಒಬ್ಬರಿಂದ ಪಡೆದ ಅಧಿಕಾರವನ್ನು ಮತ್ತೊಬ್ಬರ ಆಜ್ಞೆಗೆ ವಿನಿಯೋಗಿಸಿತು, ಅಷ್ಟೆ.

ಇಂದಿನ ಸಹಾಯಕದ ಸ್ಥಿತಿ ಇದಕ್ಕಿಂತ ವಿಷಮ. ಅದು ಡೆವಲಪರನ ಹೆಸರಿನಲ್ಲಿ, ಅವನ ಟೋಕನ್‌ಗಳೊಡನೆ, ಅವನ ಟರ್ಮಿನಲ್ಲಿನಲ್ಲಿಯೇ ಓಡುತ್ತದೆ. ಓದಲೆಂದು ತೆರೆದ ರೀಡ್‌ಮಿ ಫೈಲಿನಲ್ಲಿ ಪರರು ಹುದುಗಿಸಿಟ್ಟ ವಾಕ್ಯವನ್ನು ಒಡೆಯನ ಆಜ್ಞೆಯೆಂದೇ ಭ್ರಮಿಸುವ ಸಂಭವವೂ ಉಂಟು. ಹೀಗಿರುವಲ್ಲಿ ಸಾಲ್ಟ್ಸರ್ ಮತ್ತು ಶ್ರೋಡರ್ ಅವರು 1975ರಲ್ಲಿ ನಿರೂಪಿಸಿದ ಕನಿಷ್ಠಾಧಿಕಾರ ತತ್ತ್ವವನ್ನು, ಎಂದರೆ ಪ್ರತಿಯೊಂದು ಪ್ರೋಗ್ರಾಮೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಿಂದ ನಡೆಯತಕ್ಕದ್ದೆಂಬುದನ್ನು, ನೌಕರನಿಗೆ ಅನ್ವಯಿಸಿ ಅವನ ಸಹಾಯಕಕ್ಕೆ ಅನ್ವಯಿಸದಿರುವುದು ಅರ್ಧಪಾಲನೆಯೇ ಸರಿ. ನೌಕರರು ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಒಪ್ಪಿಸಿದರೆಂದು 2023ರಲ್ಲಿ ಸ್ಯಾಮ್‌ಸಂಗ್ ಮಾಡಿದಂತೆ ಇಂಥ ಸಾಧನಗಳ ಬಳಕೆಯನ್ನೇ ತಡೆಯುವುದು ತಾತ್ಕಾಲಿಕ ಉಪಾಯವಾದೀತು, ನೀತಿ ಎನಿಸದು.

ನಿಷೇಧಸೂತ್ರಗಳಲ್ಲಿಯೂ ಛಿದ್ರಗಳುಂಟು. ಪಾಸ್‌ವರ್ಡುಗಳಿರುವ ಫೈಲನ್ನು ತೆರೆಯಕೂಡದೆಂದು ಸಹಾಯಕದ ಓದುವ ಸಾಧನಕ್ಕೆ ಮಾತ್ರ ಕಟ್ಟು ಹಾಕಿ ಟರ್ಮಿನಲ್ಲನ್ನು ಮುಕ್ತವಾಗಿ ಬಿಟ್ಟರೆ, ಅದೇ ಫೈಲು ಒಂದು ಸಾಲಿನ ಕಮಾಂಡಿನಿಂದ ಹೊರಬರುತ್ತದೆ. ಗಿಟ್‌ಹಬ್ ಕೋಪೈಲಟ್‌ನಲ್ಲಿ ಆಯ್ದ ಫೈಲುಗಳನ್ನು ಸಹಾಯಕದಿಂದ ಮರೆಮಾಡುವ ಸೌಕರ್ಯವಿದ್ದಿತಾದರೂ, ಏಜೆಂಟ್ ಮೋಡ್ ಬಂದ ಕಾಲಕ್ಕೆ ಅದು ಆ ಮೋಡಿಗೆ ಅನ್ವಯಿಸುತ್ತಿರಲಿಲ್ಲ. ಹಳೆಯ ಕಟ್ಟಳೆಯು ಹೊಸ ಸಾಮರ್ಥ್ಯವನ್ನು ತಾನಾಗಿ ಬಂಧಿಸುವುದೆಂದು ಅಡ್ಮಿನ್ ಆದವರು ಭಾವಿಸಕೂಡದು.

ಆದುದರಿಂದ ಸಹಾಯಕಕ್ಕೆ ಪ್ರತ್ಯೇಕ ಖಾತೆ, ಒಂದೇ ರೆಪಾಸಿಟರಿಗೆ ಸೀಮಿತವಾದ ಅಲ್ಪಾಯುಷಿ ಟೋಕನ್, ಮುಖ್ಯ ಬ್ರಾಂಚಿಗೆ ಮರ್ಜ್ ಆಗುವ ಮುನ್ನ ಮನುಷ್ಯನ ಪರಿಶೀಲನೆ ಇವು ಅವಶ್ಯ. ಸಹಾಯಕಕ್ಕೆ ವಿಧಿಸಿದ ನಿಯಮಗಳ ಫೈಲನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲಿಯೇ ಇರಿಸುವ ರೂಢಿಯಂತೂ ನನಗೆ ಒಪ್ಪಿತವಲ್ಲ. ಬಳಕೆದಾರನ ಸೆಟ್ಟಿಂಗ್‌ಗಳಿಗಿಂತ ಮೇಲ್ಮಟ್ಟದ, ಸಂಸ್ಥೆಯೇ ನಿರ್ವಹಿಸುವ ಸೆಟ್ಟಿಂಗ್‌ಗಳಲ್ಲಿ ಅದು ಇರತಕ್ಕದ್ದು, ಏಕೆಂದರೆ ಆ ಫೋಲ್ಡರಿನಲ್ಲಿ ತಿದ್ದುವ ಅಧಿಕಾರವು ಸಹಾಯಕಕ್ಕೂ ಇದೆ.